ಲಿಯೆಪಾಯಾದ ಡಾಕ್ಟರು

ತಾನು ಸುಳ್ಳು ಹೇಳಿಲ್ಲ ಎಂದು ವೀರೇಶ್ ಹೆಂಡತಿಯ ಮುಂದೆ ಎಷ್ಟು ಸಲ ವಾದ ಮಾಡಿದ್ದಾನೋ ಅವನಿಗೇ ಗೊತ್ತಿಲ್ಲ. ಅವನು ತಲೆ ಆಡಿಸಿದ್ದ, ಅಷ್ಟೇ. ಮೂರು ವರ್ಷದ ಹಿಂದೆ ಕನ್ನಡ ಕೂಟದ ದೀಪಾವಳಿಯಲ್ಲಿ, ನಾರ್ತ್‌ವಿಲ್‌ನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಹಿಂದಿನವರು ಸುಮ್ಮನಿರಲಾರದೆ ಕೇಳಿದರು.

"ಮಗ ಈಗ ಎಲ್ಲಿದಾನೆ ಸಾರ್?"

"ಲಾಟ್ವಿಯಾದಲ್ಲಿ."

"ಓ, ಮೆಡಿಸಿನ್ನಾ? ನಮ್ಮ ಭಾವನ ಮಗಳೂ ಅಲ್ಲೇ ರೀಗಾದಲ್ಲಿ ಓದ್ತಿದಾಳೆ. ಒಳ್ಳೇ ಡಿಸಿಷನ್ ಬಿಡಿ."

ಅಷ್ಟರಲ್ಲಿ ಹೋಳಿಗೆ ಬಡಿಸುವವರ ಎದುರು ಬಂದಾಗಿತ್ತು. ವೀರೇಶ್ ತಲೆ ಆಡಿಸಿ, ಎರಡು ಹೋಳಿಗೆ ಹಾಕಿಸಿಕೊಂಡು ಮುಂದೆ ಹೋದ. ಊಟ ಮುಗಿಯುವ ಹೊತ್ತಿಗೆ ಅವನ ಮಗ ಅನುಜ್ ಡಾಕ್ಟರ್ ಆಗಿದ್ದ.

ನಮ್ಮ ಜನರ ಲೆಕ್ಕಾಚಾರವೇ ಹಾಗೆ. ಕನ್ನಡದ ಹುಡುಗನೊಬ್ಬ ಲಾಟ್ವಿಯಾಕ್ಕೆ ಹೋದ ಅಂದರೆ ಮೆಡಿಸಿನ್ ಓದಲಿಕ್ಕೇ ಹೋಗಿರಬೇಕು. ಅವನು ಅಲ್ಲಿ ಚೆಂಡು ಒದೆಯುತ್ತಿದ್ದಾನೆ, ಅದಕ್ಕೇ ಅವರು ಸಂಬಳ ಕೊಡುತ್ತಾರೆ ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ವೀರೇಶನಿಗೂ ಹೊಳೆದಿರಲಿಲ್ಲ. ಅನುಜ್ ಕಾಲೇಜಿನಲ್ಲಿ ಮೂರನೇ ವರ್ಷದಲ್ಲಿ, ಡಾಕ್ಟರಿಕೆಗೆ ಮೊದಲಿನ ಪ್ರೀ-ಮೆಡ್ ಓದನ್ನು ಅರ್ಧಕ್ಕೆ ಬಿಟ್ಟು, ದೌಗವ್‌ಪಿಲ್ಸ್ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬಿನವರು ಟ್ರಯಲ್‌ಗೆ ಕರೆದಿದ್ದಾರೆ ಎಂದಾಗ, ಆ ಊರಿನ ಹೆಸರು ಹೇಳಲು ಬಾರದೆ ಅವನಿಗೆ ಇನ್ನಷ್ಟು ಸಿಟ್ಟು ಬಂದಿತ್ತು.

"ಹೋಗು," ಅಂದಿದ್ದ. "ಆದ್ರ ನೋಡಾಕ ಬಾ ಅಂತ ನನ್ನ ಕರೀಬ್ಯಾಡ."

ಅನುಜ್ ಆದರೂ ಎರಡು ಸಲ ಕರೆದ. ಎರಡು ಸಲವೂ ವೀರೇಶ್ ಪ್ಲಾಂಟಿನಲ್ಲಿ ಹೊಸ ಪ್ರೊಡಕ್ಷನ್ ಲೈನ್ ಶುರುವಾಗುತ್ತಿದೆ ಎಂದ. ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನು ಎಂಜಿನಿಯರ್. ಅಲ್ಲಿ ಹೊಸ ಲೈನ್ ಯಾವಾಗಲೂ ಶುರುವಾಗುತ್ತಲೇ ಇರುತ್ತದೆ. ಮೂರನೇ ಸಲ ಅನುಜ್ ಕರೆಯಲಿಲ್ಲ.

ಒಂದು ಸಲ ತಲೆ ಆಡಿಸಿದ್ದಕ್ಕೆ ವೀರೇಶ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಸಣ್ಣ ಕ್ಲಬ್ಬುಗಳ ಆಟಗಾರ ಒಂದೇ ಕಡೆ ನಿಲ್ಲುವುದಿಲ್ಲ. ಅನುಜ್ ಒಂದು ವರ್ಷ ದೌಗವ್‌ಪಿಲ್ಸ್‌ನಲ್ಲಿದ್ದ, ಮರುವರ್ಷ ವಲ್ಮಿಯೆರಾಕ್ಕೆ ಹೋದ, ಆಮೇಲೆ ಲಿಯೆಪಾಯಾ ಸೇರಿದ. ಡಾಕ್ಟರಿಕೆ ಓದುವ ಹುಡುಗ ವರ್ಷಕ್ಕೊಂದು ಊರು ಯಾಕೆ ಬದಲಿಸುತ್ತಾನೆ? "ಅಲ್ಲೀ ಸಿಸ್ಟಮ್ಮ ಹಂಗ, ರೊಟೇಶನ್ ಇರತದ," ಎಂದು ವೀರೇಶ್ ಸಮಜಾಯಿಷಿ ಕೊಟ್ಟ. ಕೇಳಿದವರು ಹೌದೌದು ಎಂದರು. ಹೆಂಡತಿ ಮೇಧಾ ಮಾತ್ರ ಅಡುಗೆಮನೆಯಿಂದಲೇ ಹೇಳಿದಳು: "ನೀವ ಹುಟ್ಟಿಸಿದ ಡಾಕ್ಟರು, ನೀವ ಸಾಕ್ಕೊಳ್ರಿ. ನನ್ನ ಮಗ ಬ್ಯಾರೆ."

ಸಾಕಲೇಬೇಕಾಗಿತ್ತಲ್ಲ, ಯಾರಾದರೂ ಪ್ರಶ್ನೆ ಕೇಳಿದರೆ ತಡವರಿಸಬಾರದೆಂದು ವೀರೇಶ್ ಆ ಊರುಗಳ ಬಗ್ಗೆ ಓದತೊಡಗಿದ. ದೌಗವ್‌ಪಿಲ್ಸ್‌ನಲ್ಲಿ ಹಳೆಯ ಕೋಟೆ ಇದೆ, ಬೀದಿಯಲ್ಲಿ ರಷ್ಯನ್ ಮಾತೇ ಹೆಚ್ಚು. ವಲ್ಮಿಯೆರಾದ ಮಗ್ಗುಲಲ್ಲಿ ಗೌಯಾ ನದಿ ಹರಿಯುತ್ತದೆ. ಲಿಯೆಪಾಯಾ ಸಮುದ್ರದ ದಂಡೆಯ ಊರು, ಅಲ್ಲಿ ಗಾಳಿ ಬಿಡುವುದೇ ಇಲ್ಲ. ಅನುಜ್ ಇನ್ನೂ ಮೊದಲ ಊರಿನಲ್ಲಿದ್ದಾಗಲೇ, ಓದುತ್ತಾ ಓದುತ್ತಾ ಒಂದು ಶನಿವಾರ ಅವನ ಕ್ಲಬ್ಬಿನ ಪಂದ್ಯ ಇಂಟರ್ನೆಟ್ಟಿನಲ್ಲಿ ನೇರವಾಗಿ ಬರುತ್ತಿರುವುದು ಸಿಕ್ಕಿತು. ಅಲ್ಲಿ ಸಂಜೆಯಾದರೆ ಇಲ್ಲಿ ಇನ್ನೂ ಬೆಳಗ್ಗೆ. ಪ್ಲಾಂಟಿನಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ವಿಕ್ಸಮ್‌ಗೆ ಡ್ರೈವ್ ಮಾಡಿ, ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಫೋನನ್ನು ಸ್ಟಿಯರಿಂಗಿಗೆ ಆನಿಸಿ ಕೂತ. ಮೈದಾನದ ಎಡಗಡೆಯ ಗೆರೆಯಗುಂಟ ಒಬ್ಬ ಓಡುತ್ತಿದ್ದ. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಆ ಓಟ ವೀರೇಶನಿಗೆ ಗೊತ್ತು. ತಮ್ಮ ಬಡಾವಣೆಯ ಹುಲ್ಲಿನ ಮೇಲೆ ಐದು ವರ್ಷದ ಅನುಜ್ ಹೀಗೇ ಎಡಭುಜ ಒಂಚೂರು ತಗ್ಗಿಸಿ ಓಡುತ್ತಿದ್ದ.

ಅವತ್ತಿನಿಂದ ಅವನು ಒಂದು ಪಂದ್ಯವನ್ನೂ ಬಿಡಲಿಲ್ಲ. ಮಾರ್ಚಿನಲ್ಲಿ ಗೆರೆಯ ಆಚೆ ಹಿಮದ ರಾಶಿ ಇಟ್ಟುಕೊಂಡೇ ಆಡುವುದನ್ನು ನೋಡಿದ. ಯೆಲ್ಗವಾ ಊರಿನವರು ಎದುರು ಬಂದರೆ ಹೇಗೆ ಆಡುತ್ತಾರೆ, ರೀಗಾದ ದೊಡ್ಡ ಕ್ಲಬ್ಬುಗಳ ಮುಂದೆ ಸಣ್ಣ ಊರಿನವರು ಹೇಗೆ ಹಲ್ಲುಕಚ್ಚಿ ನಿಲ್ಲುತ್ತಾರೆ, ಎಲ್ಲ ಅವನಿಗೆ ಬಾಯಿಪಾಠವಾಯಿತು. ವೆಂಟ್ಸ್‌ಪಿಲ್ಸ್‌ನ ಹಳೆಯ ಕ್ಲಬ್ಬು ಒಂದು ಕಾಲಕ್ಕೆ ಚಾಂಪಿಯನ್ ಆಗಿದ್ದು ಈಗ ಇಲ್ಲವೇ ಇಲ್ಲ ಎಂದು ಓದಿದಾಗ, ಆ ಊರಿನಲ್ಲಿ ಶನಿವಾರ ಜನ ಏನು ಮಾಡುತ್ತಾರೋ ಎಂದು ಚಿಂತೆಗೆ ಬಿದ್ದ. ಇಷ್ಟು ಪ್ರೀತಿ ಹೊಟ್ಟೆಯೊಳಗೆ ಇಟ್ಟುಕೊಂಡವನು ಮಗನಿಗೆ ಒಂದು ಫೋನ್ ಮಾಡಿ ಹೇಳಬಾರದಿತ್ತೇ? ಹೇಳಲಿಲ್ಲ. ನೋಡಾಕ ಕರೀಬ್ಯಾಡ ಅಂದ ಬಾಯಿಂದ ನೋಡುತ್ತಿದ್ದೇನೆ ಎಂಬ ಮಾತು ಹೊರಡಲಿಲ್ಲ. ಗಂಡಸರ ಈ ಬಿಗುಮಾನಕ್ಕೆ ಬೆಂಕಿ ಹಾಕಬೇಕು.

ಈ ಅಕ್ಟೋಬರಿನಲ್ಲಿ ಅನುಜ್ ಬಿದ್ದ. ವೀರೇಶ್ ಕಣ್ಣಾರೆ ಕಂಡ. ಯಾರೂ ಮುಟ್ಟಿರಲಿಲ್ಲ; ತಿರುಗುವಾಗ ಮಂಡಿ ಹೊರಳಿತು, ಕುಸಿದು ಕೂತು ನೆಲಕ್ಕೆ ಕೈ ಬಡಿದ. ಸ್ಟ್ರೆಚರ್ ಬಂತು. ವೀರೇಶ್ ಆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಕಿಟಕಿ ಏರಿಸಿಕೊಂಡು ಗಳಗಳ ಅತ್ತ. ಇನ್ನೂ ಅಲ್ಲೇ ಕೂತಿದ್ದಾಗಲೇ ಅನುಜನ ಫೋನ್ ಬಂತು.

"ಅಪ್ಪಾ," ಎಂದ ಹುಡುಗ.

ಮಂಡಿ ಹೇಗಿದೆ ಎಂದು ಕೇಳಲು ವೀರೇಶನ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ಕಣ್ಣೊರೆಸಿಕೊಂಡು, "ಅಲ್ಲಿ ಚಳಿ ಹೆಂಗೈತಿ?" ಎಂದ.

"ಐತಿ," ಅಂದ ಅನುಜ್. "ಅಮ್ಮ ಮನ್ಯಾಗ ಅದಾಳ?"

ಮಂಡಿಯ ಸುದ್ದಿಯನ್ನು ರಾತ್ರಿ ಮೇಧಾ ಅಳುತ್ತಾ ಹೇಳಿದಾಗ ವೀರೇಶ್ ಈಗ ತಾನೇ ಕೇಳುವವನ ಹಾಗೆ ಹೌದೇನು ಎಂದ. ಮರುದಿನ ಫೋನ್ ಮಾಡೋಣ ಅಂದುಕೊಂಡ. ಆ ಮರುದಿನ ಬರಲೇ ಇಲ್ಲ.

ಸೀಸನ್ ಮುಗಿದು ಡಿಸೆಂಬರಿನಲ್ಲಿ ಅನುಜ್ ಮನೆಗೆ ಬಂದ. ಪ್ರತಿ ವರ್ಷ ಬಂದು ಫೆಬ್ರವರಿಗೆ ಮೊದಲು ಹೋಗುತ್ತಿದ್ದ. ಈ ಸಲವೂ ಹಾಗೇ ಎಂದುಕೊಂಡರು. ಎಡಗಾಲು ಮೆಟ್ಟಿಲಿಳಿಯುವಾಗ ಮಾತ್ರ ಒಂಚೂರು ಹಿಂದೆ ಬೀಳುತ್ತಿತ್ತು. ಆ ವಾರವೇ ನಾಲ್ಕೈದು ತಾಸಿನ ದಾರಿಯ ಗ್ಲೆಂಡೇಲ್ ಹೈಟ್ಸ್‌ನಿಂದ ರಾಚಯ್ಯನ ಫೋನ್ ಬಂತು. ರಾಚಯ್ಯ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ವೀರೇಶನ ರೂಮ್‌ಮೇಟ್, ನಾಲ್ಕು ವರ್ಷ ಒಟ್ಟಿಗೆ ಉಂಡು ಮಲಗಿದವನು.

"ಲೇ ವೀರೇಶಾ, ನಮ್ಮ ಮಗಳು ತಾನ್ಯಾನ್ನೂ ಲಾಟ್ವಿಯಾಕ ಕಳಸೂನಂತ ಅದೇವಿ. ಇಲ್ಲಿ ಮೆಡಿಕಲ್ ಸೀಟ್ ಹತ್ತಲಿಲ್ಲ. ನಿಮ್ಮ ಹುಡುಗ ಬಂದಾನಂತಲ್ಲ, ಶನಿವಾರ ಕರಕೊಂಡ ಬಾ. ಅವ ಒಮ್ಮಿ ಹೂಂ ಅಂದ್ರ ಅಪ್ಲೈ ಮಾಡಿಬಿಡತೇವಿ."

ಆಗಲೇ ಬಾಯಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವೀರೇಶ್, "ಬರ್ತೇವಿ ತಗೋ," ಅಂದ.

ಮೇಧಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಶನಿವಾರದ ಶಿಫ್ಟ್ ಇತ್ತು. ಇಲ್ಲದಿದ್ದರೂ ಈ ನಾಟಕಕ್ಕೆ ತಾನು ಬರುತ್ತಿರಲಿಲ್ಲ ಎಂದಳು. ಅಪ್ಪ ಮಗ ಇಬ್ಬರೇ ಬೆಳಗ್ಗೆ ಹೊರಟರು. ಆನ್ ಆರ್ಬರ್ ದಾಟಿ ಹೈವೇ ಹಿಡಿದರೂ ವೀರೇಶನಿಗೆ ಮಾತು ಶುರುಮಾಡಲಾಗಲಿಲ್ಲ. ಕಲಮಜೂ ಎಕ್ಸಿಟ್ ಹತ್ತಿರ ಕಾಫಿಗೆ ನಿಲ್ಲಿಸಿ, ಕಾಫಿ ಕುಡಿದು, ಮತ್ತೆ ಕಾರು ಹತ್ತಿ ಹತ್ತು ಮೈಲಿ ಆದಮೇಲೆ, ರಸ್ತೆಯ ಮೇಲೆ ಕಣ್ಣಿಟ್ಟೇ ಎಲ್ಲ ಹೇಳಿದ. ಹೋಳಿಗೆ, ತಲೆ ಆಡಿಸಿದ್ದು, ರೊಟೇಶನ್, ಈಗ ತಾನ್ಯಾ.

ಅನುಜ್ ಮೊದಲು ನಕ್ಕ. ಆಮೇಲೆ ಆ ನಗು ಎಲ್ಲಿ ಹೋಯಿತೋ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಒಂದೆರಡು ಮಾತು ಬಿಟ್ಟರೆ ಉತ್ತರವೆಲ್ಲ ಇಂಗ್ಲಿಷಿನಲ್ಲೇ.

"ಮೂರು ವರ್ಷದಿಂದ?" ಎಂದ.

"ಹೂಂ."

"ನಾನು ಆಡುವುದು ಅಷ್ಟು ನಾಚಿಕೆಯ ವಿಷಯವಾಗಿತ್ತಾ?"

"ಹಂಗಲ್ಲೋ," ಎಂದ ವೀರೇಶ್. ವಿಕ್ಸಮ್‌ನ ಪಾರ್ಕಿಂಗ್ ಲಾಟಿನ ವಿಷಯ ಆಗ ಹೇಳಿಬಿಡಬಹುದಿತ್ತು. ಸುಳ್ಳನ್ನು ಒಪ್ಪಿಕೊಳ್ಳುವುದಕ್ಕಿಂತ ಅದನ್ನು ಒಪ್ಪಿಕೊಳ್ಳುವುದೇ ಅವನಿಗೆ ಕಷ್ಟವಾಯಿತು.

ಬೆಂಟನ್ ಹಾರ್ಬರ್ ಕಡೆ ದೊಡ್ಡ ಸರೋವರದ ಮೇಲಿಂದ ಹಿಮ ಬೀಳಲು ಶುರುವಾಯಿತು. ಅನುಜ್ ಕಿಟಕಿಯ ಆಚೆ ನೋಡುತ್ತಾ ಕೂತಿದ್ದವನು ಇಂಡಿಯಾನಾ ಬಂದಮೇಲೆ ಕೇಳಿದ, "ಈಗ ನಾನು ಯಾವ ವರ್ಷದಲ್ಲಿದ್ದೇನೆ?"

"ಏನು?"

"ಮೆಡಿಕಲ್ ಕಾಲೇಜಿನಲ್ಲಿ. ಯಾವ ವರ್ಷ? ಅಂಕಲ್ ಕೇಳಿದರೆ ಹೇಳಬೇಕಲ್ಲ."

ಬೈದಿದ್ದರೆ ವೀರೇಶನಿಗೆ ಹಗುರಾಗುತ್ತಿತ್ತು. ಹುಡುಗ ಒಪ್ಪಿಕೊಂಡುಬಿಟ್ಟ. ಅಪ್ಪನ ಮಾನ ಉಳಿಸಲು ತಾನು ಏನಾಗಿರಬೇಕೆಂದು ತಣ್ಣಗೆ ಕೇಳುತ್ತಿದ್ದ. ಆದರೂ, "ನಾಕನೇದು," ಅಂದ.

ರಾಚಯ್ಯನ ಮನೆಯಲ್ಲಿ ಅವರನ್ನು ಬಾಗಿಲಲ್ಲೇ ಅಪ್ಪಿಕೊಂಡರು. ಅವನ ಹೆಂಡತಿ ರೇಣು ಬೆಳಗಿನಿಂದ ರೊಟ್ಟಿ ಬಡಿದಿದ್ದಳು. ಮನೆಯೆಲ್ಲ ಎಣ್ಣೆಗಾಯಿ ಪಲ್ಯದ ವಾಸನೆ. ರಾಚಯ್ಯನ ತಾಯಿ ಶಾಂತವ್ವ ಸೋಫಾದ ಮೇಲೆ ಕಾಲು ನೀಡಿ ಕೂತಿದ್ದಳು. ತಾನ್ಯಾ ಲ್ಯಾಪ್‌ಟಾಪ್ ತೆರೆದು ಸಿದ್ಧವಾಗಿದ್ದಳು.

ಹುಡುಗಿಯ ಪ್ರಶ್ನೆಗಳಿಗೆ ಅನುಜ್ ಸುಳ್ಳು ಹೇಳದೆ ಉತ್ತರ ಕೊಡಲು ಪಡುತ್ತಿದ್ದ ಪಾಡನ್ನು ವೀರೇಶ್ ಎದುರಿಗೇ ಕೂತು ನೋಡಬೇಕಾಯಿತು. ಅನಾಟಮಿ ಕಷ್ಟವೇ ಎಂದರೆ, ದೌಗವ್‌ಪಿಲ್ಸ್‌ನಲ್ಲಿ ಅಂಗಡಿಗೆ ಹೋದರೆ ರಷ್ಯನ್ ಬೇಕಾಗುತ್ತದೆ ಎಂದ. ಪ್ರೊಫೆಸರುಗಳು ಹೇಗೆ ಎಂದರೆ, ವಲ್ಮಿಯೆರಾದಲ್ಲಿ ತಾನಿದ್ದ ಮನೆಯ ಮುದುಕಿ ಭಾನುವಾರ ಬೀಟ್‌ರೂಟ್ ಸೂಪು ಕೊಡುತ್ತಿದ್ದಳು ಎಂದ. ಲಿಯೆಪಾಯಾದಲ್ಲಿ ಮರಗಳ ಆಚೆಗೇ ಸಮುದ್ರ, ಗಾಳಿ ಎಷ್ಟೆಂದರೆ ಚೆಂಡು ಎಂದವನು ತಡೆದು, ಟೋಪಿ ಹಾರಿಹೋಗುತ್ತದೆ ಎಂದ. ಆ ಊರುಗಳ ಮಾತು ಬಂದಾಗ ಅವನ ಮುಖದಲ್ಲಿ ಒಂದು ಬೆಳಕು ಬಂದು ಹೋಗುತ್ತಿತ್ತು.

"ನೀನು ಕ್ಲಾಸಿನ ಬಗ್ಗೆ ಏನೂ ಹೇಳ್ತಾನೇ ಇಲ್ಲ," ಎಂದಳು ತಾನ್ಯಾ ಇಂಗ್ಲಿಷಿನಲ್ಲಿ.

"ಆಕಿದು ಆಮ್ಯಾಲೆ," ಎಂದು ಶಾಂತವ್ವ ನಡುವೆ ಬಂದಳು. "ಬಾರೋ ನನ ಡಾಕ್ಟರಪ್ಪಾ, ಈ ಮೊಣಕಾಲ ನೋಡು."

ಅನುಜ್ ಎದ್ದುಹೋಗಿ ಅವಳ ಮುಂದೆ ನೆಲದ ಮೇಲೆ ಕೂತ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ನೋವು ಎಂದು ಒಂದೊಂದೇ ಕಡೆ ಮೆಲ್ಲಗೆ ಒತ್ತಿದ. ಕಾಲು ನೀಡಿಸಿದ, ಮಡಿಸಿದ. ಎರಡು ತಿಂಗಳಿಂದ ಅವನ ಮಂಡಿಯನ್ನು ಯಾರೋ ಹೀಗೇ ಹಿಡಿದು ನೋಡಿರಬೇಕು, ಅದನ್ನೇ ಮಾಡುತ್ತಿದ್ದ. ಅಪ್ಪನೆಂಬುವನು ಆ ಮಂಡಿಯನ್ನು ಇವತ್ತಿನವರೆಗೂ ಮುಟ್ಟಿರಲಿಲ್ಲ.

"ಕೈಗುಣ ಚೊಲೊ ಐತಿ," ಎಂದಳು ಶಾಂತವ್ವ. ಸೋಫಾದ ಸಂದಿಯಿಂದ ಗುಳಿಗೆಯ ಡಬ್ಬಿ ತೆಗೆದಳು. "ಇನ್ನೊಂದ ಹೇಳು. ಈ ಬಿಪಿ ಗುಳಿಗಿ ತಗೊಂಡ್ರ ತಲಿ ಗಿರ್ ಅಂತೈತಿ. ಇಲ್ಲೀ ಡಾಕ್ಟರು ಇಂಗ್ಲಿಷಿನ್ಯಾಗ ಏನೇನೋ ಅಂತಾನ. ನೀ ನಮ್ಮವ. ನೀ ಬಿಡು ಅಂದ್ರ ಇವತ್ತಿಂದ ಬಿಟ್ಟಬಿಡತೇನಿ."

ಅನುಜ್ ಡಬ್ಬಿ ಹಿಡಿದುಕೊಂಡು ಅಪ್ಪನ ಕಡೆ ತಿರುಗಿದ.

"ಬಿಡಬ್ಯಾಡ್ರಿ!" ಎಂದು ವೀರೇಶ್ ಎದ್ದೇ ನಿಂತ. "ಇಂವ ಡಾಕ್ಟರಲ್ಲ."

ಎಲ್ಲರೂ ಅವನನ್ನೇ ನೋಡಿದರು. ಅಡುಗೆಮನೆಯಲ್ಲಿ ರೇಣು ನಲ್ಲಿ ನಿಲ್ಲಿಸಿದಳು.

"ಇಂವ ಡಾಕ್ಟರಲ್ಲ, ಓದಾಕ ಹೋಗೇ ಇಲ್ಲ. ಫುಟ್‌ಬಾಲ್ ಆಡ್ತಾನ. ಲಿಯೆಪಾಯಾ ಕ್ಲಬ್ಬಿಗೆ. ನಾನ ಎಲ್ಲಾರಿಗೂ ಸುಳ್ಳ ನಂಬಿಸೇನಿ. ಹುಡುಗಂದು ಏನೂ ತಪ್ಪಿಲ್ಲ."

ತನ್ನ ಅನುಮಾನ ನಿಜವಾಯಿತೆಂದು ತಾನ್ಯಾ ಒಬ್ಬಳ ಮುಖ ಅರಳಿತು. ರಾಚಯ್ಯ ಕೆಂಡವಾಗಲಿಲ್ಲ, ಆಗಿದ್ದರೆ ವಾಸಿಯಿತ್ತು. ಮುಖ ಸಣ್ಣದು ಮಾಡಿಕೊಂಡು, "ನನಗರೆ ಹೇಳಬಾರದಾಗಿತ್ತೇನೋ," ಎಂದ. "ಮಗಳನ್ನ ಕಳಸಾಕ ಹೊಂಟಿದ್ನೆಲ್ಲೋ ನಿನ್ನ ಮಾತ ನಂಬಿ."

ಶಾಂತವ್ವನಿಗೆ ಇದೆಲ್ಲ ತಲೆಬುಡ ಹತ್ತಲಿಲ್ಲ. "ಚೆಂಡಾಟ ಆಡ್ತಾನಂದ್ರ ಅದನ್ಯಾಕ ಮುಚ್ಚಿಟ್ಟಿ?" ಎಂದು ವೀರೇಶನನ್ನೇ ಕೇಳಿದಳು. "ಕಳುವು ಮಾಡ್ಯಾನೇನು ಹುಡುಗ?"

ವೀರೇಶ್ ಮೂರು ವರ್ಷದ ಮಾತನ್ನೆಲ್ಲ ಒಮ್ಮೆಲೇ ಸುರಿದ. "ಭಾಳ ಚೊಲೊ ಆಡ್ತಾನ್ರಿ. ಸೆಪ್ಟೆಂಬರದಾಗ ಯೆಲ್ಗವಾದವರ ಮ್ಯಾಲೆ ಒಂದ ಗೋಲ್ ಹೊಡದಾನ, ಏನ ಹೇಳ್ಲಿ! ಸಮುದ್ರದ ಕಡಿಂದ ಗಾಳಿ ಒಂದೇ ಸಮ ಬಡೀತಿತ್ತು. ಉಳದವರೆಲ್ಲಾ ಚೆಂಡ ಎತ್ತಿ ಒದ್ದು ಒದ್ದು ಹೊರಗ ಕಳಸ್ತಿದ್ರು. ಇವನೊಬ್ಬನ ನೆಲಾ ಬಿಡಲಿಲ್ಲ. ಎಡಗಾಲಿಲೆ ತಗ್ಗಿಸಿ, ಗೋಲ್‌ಕೀಪರನ ಕಾಲಾಗಿಂದ..." ಹೇಳುತ್ತಾ ಅವನ ಕೈ ತಾನೇ ಗಾಳಿಯಲ್ಲಿ ಗೆರೆ ಎಳೆಯಿತು. ರಾಚಯ್ಯ ಕೂಡ ತಲೆ ಎತ್ತಿ ಕೇಳುತ್ತಿದ್ದ. ಮಗನನ್ನು ನಾಲ್ಕು ಜನರ ಮುಂದೆ ಹೊಗಳುವುದು ಇಷ್ಟು ಸುಖದ್ದೆಂದು ವೀರೇಶನಿಗೆ ಇದುವರೆಗೆ ಗೊತ್ತಿರಲಿಲ್ಲ.

ಅನುಜ್ ಮೆಲ್ಲಗೆ ಎದ್ದ. ಡಬ್ಬಿಯನ್ನು ಶಾಂತವ್ವನ ಕೈಗಿಟ್ಟು, ಬಾಗಿಲು ತೆಗೆದು, ಕೋಟು ಹಾಕಿಕೊಳ್ಳದೆ ಹೊರಗೆ ಹೋದ.

ವೀರೇಶ್ ಕೋಟು ಹಿಡಿದು ಹಿಂದೆಯೇ ಓಡಿದ. ಹುಡುಗ ಡ್ರೈವ್‌ವೇ ತುದಿಯಲ್ಲಿ ಮೇಲ್‌ಬಾಕ್ಸಿಗೆ ಒರಗಿ ನಿಂತಿದ್ದ. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

"ನೀ ನೋಡಿದಿ?" ಅನುಜ್ ಕನ್ನಡದಲ್ಲೇ ಕೇಳಿದ. "ಆ ಗೋಲು?"

"ಎಲ್ಲಾ ನೋಡೇನಿ. ದೌಗವ್‌ಪಿಲ್ಸ್‌ನಾಗ ಇದ್ದಾಗಿಂದ. ಪ್ಲಾಂಟಿನ ಪಾರ್ಕಿಂಗಿನ್ಯಾಗ ಕಾರಿನ್ಯಾಗ ಕುಂತು."

"ನಾ ಬಿದ್ದದ್ದು?"

"ಹೂಂ."

"ಅವತ್ತ ನಾ ಫೋನ್ ಮಾಡಿದ್ದೆ."

ವೀರೇಶ್ ತಲೆ ತಗ್ಗಿಸಿದ. ಆ ದಿನ ಅಪ್ಪ ಏನು ಕೇಳಿದ್ದನೆಂದು ಮಗ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ದಯೆ ತೋರಿಸಿದ.

"ನಾ ವಾಪಸ್ ಹೋಗಲ್ಲ ಅಪ್ಪಾ," ಎಂದ ಅನುಜ್. ಇಷ್ಟು ಕನ್ನಡದಲ್ಲಿ ಹೇಳಿ, ಮುಂದಿನದಕ್ಕೆ ಕನ್ನಡ ಸಾಲದೆ ಇಂಗ್ಲಿಷಿಗೆ ಹೋದ. ಕ್ಲಬ್ಬಿನವರು ಅವನನ್ನು ಬಿಟ್ಟಿರಲಿಲ್ಲ. ಇನ್ನೊಂದು ವರ್ಷಕ್ಕೆ ಸಹಿ ಮಾಡು, ವಸಂತದವರೆಗೆ ಮಂಡಿ ಸರಿಮಾಡಿಕೋ, ನಾವು ಕಾಯುತ್ತೇವೆ ಎಂದಿದ್ದರು. ಕೋಚ್ ಮನೆಗೇ ಬಂದು ಹೇಳಿದ್ದ. ಊರುಗೋಲು ಹಿಡಿದು ಆ ಒಂಟಿ ಮನೆಯಲ್ಲಿ ಒಂದು ವಾರ ಯೋಚಿಸಿದ. ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. ಅಪ್ಪ ಮಾತಾಡುತ್ತಲೇ ಇರಲಿಲ್ಲ. ಯಾರಿಗೂ ಬೇಡವಾದ ಆಟವನ್ನು ಯಾರ ಸಲುವಾಗಿ ಆಡಲಿ ಅನಿಸಿತು. ನವೆಂಬರಿನಲ್ಲಿ ಬೇಡ ಎಂದುಬಿಟ್ಟ.

"ಈಗ ಫೋನ್ ಮಾಡೂನು," ಎಂದ ವೀರೇಶ್. "ನಾ ಮಾತಾಡತೇನಿ ಕೋಚ್ ಕೂಡ. ಟಿಕೆಟ್ ತಗಸ್ತೀನಿ. ನಾನೂ ಬರ್ತೇನಿ ನಿನ್ನ ಜೋಡಿ, ಮಂಡಿ ಸರಿ ಆಗೂತನಕ ಅಲ್ಲೇ ಇರತೇನಿ."

ಅನುಜ್ ತಲೆ ಅಲ್ಲಾಡಿಸಿದ. "ನನ್ನ ಜಾಗಕ್ಕ ಬ್ಯಾರೆ ಹುಡುಗ ಬಂದಾನ."

ಆ ಹುಡುಗ ಬಂದದ್ದು ವೀರೇಶನಿಗೂ ಗೊತ್ತಿತ್ತು. ಕ್ಲಬ್ಬಿನವರು ಹೋದ ವಾರ ಹೊಸ ಎಡಗಡೆಯ ಆಟಗಾರನ ಫೋಟೋ ಹಾಕಿದ್ದರು. ಅದನ್ನು ಆಫೀಸಿನಲ್ಲಿ ನೋಡಿ, ಮಗನಿಗೆ ಒಬ್ಬ ಜೊತೆಗಾರ ಸಿಕ್ಕ ಎಂದು ಅವನು ಖುಷಿಪಟ್ಟಿದ್ದ.

ಕೋಟನ್ನು ಅನುಜ್ ಅಪ್ಪನ ಕೈಯಿಂದ ತೆಗೆದುಕೊಂಡು ಹಾಕಿಕೊಂಡ. ಬಾಗಿಲಲ್ಲಿ ರಾಚಯ್ಯ ನಿಂತು, ಸಿಟ್ಟನ್ನೋ ಬೇಸರವನ್ನೋ ಒಳಗಿಟ್ಟುಕೊಂಡು, ರೊಟ್ಟಿ ಆರುತ್ತಿವೆ ಬರ್ರಿ ಎಂದು ಕರೆಯುತ್ತಿದ್ದ. ಅನುಜ್ ಬರುತ್ತೇವೆ ಎಂದು ಕೈ ಎತ್ತಿದ. ನಾಲ್ಕು ಹೆಜ್ಜೆ ಹೋದವನು ನಿಂತು ತಿರುಗಿದ.

"ನೀ ನೋಡ್ತಿದ್ದಿ ಅಂತ ಗೊತ್ತಿದ್ರ," ಎಂದ, "ಇನ್ನೊಂದ ವರ್ಷ ಆಡ್ತಿದ್ದೆ ಅಪ್ಪಾ."

ಹೇಳಿ, ಎಡಗಾಲನ್ನು ಹುಷಾರಾಗಿ ಇಡುತ್ತಾ ಮನೆಯೊಳಗೆ ಹೋದ. ವೀರೇಶ್ ಮೇಲ್‌ಬಾಕ್ಸಿನ ಹತ್ತಿರವೇ ನಿಂತು ನೋಡಿದ.